ಒಲಿಂಪಿಕ್ಸ್ ಟೀವಿಯೊಳಗ ನೋಡೂದು ದಂಡ ಅಲ್ಲರಿ

ಮುಧೋಳದ ಅಣ್ಣಾರ, ನಿಮ್ಮ ಮಗ ಗರಡಿಗೆ ಹೋಗ್ತಾನ, ಒಲಿಂಪಿಕ್ಸ್ ಬಂದಾಗ ಟೀವಿ ಮುಂದ ಕುಂತ್ರ ವ್ಯಾಳ್ಯಾ ಹಾಳಲ್ಲೇನು ಅಂತ ಕೇಳೀರಿ. ಕುಸ್ತಿ ಆಡೋ ಹುಡುಗಗ ಹಾಳಲ್ಲರಿ, ಅದೂ ಒಂದು ಪಾಠನ.

ನಮ್ಮ ಕಡೆ ಜಾತ್ರಿ ಕುಸ್ತಿಯೊಳಗ ಚಿತ್ ಮಾಡಿದಾವ ಗೆದ್ದ. ಮ್ಯಾಟ್ ಮ್ಯಾಲೆ ಅಷ್ಟ ಅಲ್ಲ. ಮೂರು ಮೂರು ನಿಮಿಷದ ಎರಡು ಸುತ್ತು, ನಡುವ 30 ಸೆಕೆಂಡ್ ಬಿಡುವು. ಫ್ರೀಸ್ಟೈಲ್‌ನಾಗ, ಅಂದ್ರ ಕಾಲೂ ಹಿಡಿಯಾಕ ಬಿಡೋ ಕುಸ್ತಿಯೊಳಗ, 10 ಪಾಯಿಂಟ್ ಅಂತರ ಬಿತ್ತಂದ್ರ ಕುಸ್ತಿ ಅಲ್ಲೇ ಬಂದ್. ಇದನ್ನ ಬಾಯಿಲೆ ಎಷ್ಟು ಹೇಳಿದ್ರೂ ಹುಡುಗರ ತಲಿಗೆ ಹೋಗೂದಿಲ್ಲ, ನೋಡಬೇಕು.

2021ರ ಟೋಕಿಯೋ ಸೆಮಿಫೈನಲ್ ತೋರಸ್ರಿ, 57 ಕೆ.ಜಿ. ವಿಭಾಗದ್ದು. ನಮ್ಮ ಭಾರತದ ಪೈಲ್ವಾನ ರವಿಕುಮಾರ್ ದಹಿಯಾ 2-9 ಹಿಂದ ಬಿದ್ದಿದ್ದ. ಇನ್ನ ಮೂರು ಪಾಯಿಂಟ್ ಹೋಗಿದ್ರ ಆಟ ಮುಗೀತಿತ್ತು. ಅಂಥಾದ್ರಾಗ ಕಜಕಸ್ತಾನದ ಪೈಲ್ವಾನನ್ನ ಹಿಡದು, ಎರಡೂ ಭುಜ ಮ್ಯಾಟಿಗೆ ಹಚ್ಚಿ ಚಿತ್ ಮಾಡಿಬಿಟ್ಟ! ಫೈನಲ್‌ನಾಗ ಸೋತ, ಬೆಳ್ಳಿ ಬಂತು. ಆದ್ರ ಸೆಮಿಫೈನಲ್‌ನ ಆ ಕಡೀ ನಿಮಿಷ ಐತಲ್ಲ, ಈಗ ನೆನಸಿದ್ರೂ ನನಗ ಮೈ ಝುಮ್ ಅಂತೈತಿ.

ಉದ್ಘಾಟನಾ ಸಮಾರಂಭ, ಪದಕ ಪಟ್ಟಿ ಮ್ಯಾಲಿನ ಚರ್ಚಾ ಎಲ್ಲಾ ಬಿಡ್ರಿ. ಕುಸ್ತಿ ಇದ್ದಾಗ ಮಗನ ಬಾಜೂಕ ಕೂಡ್ರಿ. ಕಾಲ ಎಲ್ಲಿಡ್ತಾರ, ಹಿಡತ ಹೆಂಗ ಬಿಡಸ್ಕೋತಾರ ಅಂತ ಅವಗ ಕೇಳ್ರಿ.

ಇನ್ನ ನಿದ್ದಿಗೆಡೂ ಚಿಂತಿ. 2028ರ ಒಲಿಂಪಿಕ್ಸ್ ಲಾಸ್ ಏಂಜಲೀಸ್‌ನಾಗ ಐತಿ. ಅಲ್ಲಿ ಸಂಜಿ ಆರಕ್ಕ ಸುರು ಆದದ್ದು ನಮಗ ಮರುದಿನ ಮುಂಜಾನೆ ಆರೂವರಿಗೆ ಬರ್ತೈತಿ. ನಿಮ್ಮ ಹುಡುಗ ತಾಲೀಮು ಮುಗಿಸಿ ಬಂದು, ಹಾಲು ಕುಡ್ಕೋತ ನೋಡಬಹುದು.