ಸತ್ತ ಕುರಿ ಎಣಿಸಿದ್ದೀರಿ, ಬದುಕಿದ ಕುರಿಯ ಕಥೆ ಎಲ್ಲಿ?

ನಮಸ್ಕಾರ.

ನೀವು ಕಳಿಸಿದ ‘ಮಂದೆಗೆ ಬಂದ ಮಾರಿ’ ಲೇಖನ ಓದಿದೆ. ಜಾನುವಾರು ರೋಗಗಳಿಂದ ದನಗಾಹಿ, ಕುರಿಗಾಹಿ ಜನರ ಬದುಕು ಹೇಗೆ ಕೆಡುತ್ತದೆ ಅನ್ನುವುದು ವಿಷಯ. ಓದುತ್ತ ಓದುತ್ತ ಸಿಟ್ಟು ಬಂತು. ಸುಮ್ನೆ ‘ಪ್ರಕಟಣೆಗೆ ಆಯ್ಕೆಯಾಗಿಲ್ಲ’ ಅಂತ ಒಂದು ಸಾಲು ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ವಿಷಯ ದೊಡ್ಡದು, ನೀವು ಓದಿಕೊಂಡು ಬರೆದಿರುವುದೂ ಕಾಣುತ್ತದೆ, ಬಿಡಲು ಮನಸ್ಸಾಗಲಿಲ್ಲ.

ಹೊಗಳಿಕೆ ಮೊದಲು ಮುಗಿಸಿಬಿಡುತ್ತೇನೆ. ಭಾಷೆ ಚೆನ್ನಾಗಿದೆ. ಪೂರ್ವ ಆಫ್ರಿಕದಲ್ಲಿ ಜಡಿಮಳೆಯಾದ ಮೇಲೆ ಸೊಳ್ಳೆ ಏಳುವುದು, ಗಬ್ಬದ ಕುರಿಗಳು ಸಾಲುಸಾಲಾಗಿ ಕಂದು ಹಾಕುವುದು, ಹೀಗೆ ರಿಫ್ಟ್ ವ್ಯಾಲಿ ಜ್ವರ ಹಬ್ಬುವುದನ್ನು ಹೇಳುವ ಪ್ಯಾರಾ ನಿಜಕ್ಕೂ ಒಳ್ಳೆಯದು. ಇಷ್ಟು ಸಾಕು.

ಈಗ ನನ್ನನ್ನು ಕೆರಳಿಸಿದ ಸಾಲುಗಳು.

‘ಪಿಪಿಆರ್ ರೋಗದಿಂದ ಜಗತ್ತಿಗೆ ವರ್ಷಕ್ಕೆ 140ರಿಂದ 210 ಕೋಟಿ ಡಾಲರ್ ನಷ್ಟವಾಗುತ್ತಿದೆ.’ ಇದು ನಿಮ್ಮ ಮೊದಲ ಸಾಲು. ಅಂಕಿ ಸರಿಯಾಗಿಯೇ ಇದೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುವುದೂ ಅದನ್ನೇ. ಆದರೆ ಜಗತ್ತಿಗೆ ಅಂದರೆ ಯಾರಿಗೆ ಸ್ವಾಮಿ? ಜಗತ್ತು ಆಡು ಮೇಯಿಸುವುದಿಲ್ಲ. ಆಡು, ಕುರಿಗಳನ್ನು ಕೊಲ್ಲುವ ರೋಗ ಇದು. ಅವು ಇರುವುದು ಬಹುಪಾಲು ಬಡವರ ಮನೆಯಲ್ಲಿ, ಅದರಲ್ಲೂ ಹೆಂಗಸರ ಕೈಯಲ್ಲಿ. ಅಷ್ಟು ದೊಡ್ಡ ಮೊತ್ತವನ್ನು ಲೇಖನದ ಬಾಗಿಲಲ್ಲೇ ಇಟ್ಟುಬಿಟ್ಟರೆ ಓದುವವನಿಗೆ ಏನೂ ಕಾಣುವುದಿಲ್ಲ, ಆ ಮೊತ್ತವೇ ಅಡ್ಡ ನಿಲ್ಲುತ್ತದೆ.

ಮುಂದಿನ ಸಾಲು ಇನ್ನೂ ಕೆಟ್ಟದು. ‘ಸತ್ತ ಜಾನುವಾರುಗಳ ಸಂಖ್ಯೆಯನ್ನು ಮಾರುಕಟ್ಟೆ ಬೆಲೆಯಿಂದ ಗುಣಿಸಿದರೆ ನಷ್ಟದ ಪೂರ್ಣ ಚಿತ್ರ ಸಿಗುತ್ತದೆ.’ ಇಲ್ಲ, ಸಿಗುವುದಿಲ್ಲ. ಸತ್ತದ್ದು ಮಾರಲು ಇಟ್ಟಿದ್ದ ಟಗರೋ, ಮರಿ ಹಾಕುವ ಕುರಿಯೋ? ಸಂತೆಯಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ ಬಂದರೂ ಮಂದೆಯಲ್ಲಿ ಎರಡೂ ಒಂದೇ ಅಲ್ಲ. ಹಸು ಗಬ್ಬ ನಿಂತು ಕರು ಹಾಕಲು ಒಂಬತ್ತು ತಿಂಗಳು, ಒಂಟೆಗೆ ಸುಮಾರು ಹದಿಮೂರು. ಹುಟ್ಟಿದ್ದರಲ್ಲಿ ಅರ್ಧ ಗಂಡು. ಹೆಣ್ಣುಗರು ಬದುಕಿ, ಕಡಸಾಗಿ, ತಾನೇ ಕರು ಹಾಕಲು ಬಯಲಿನ ಮೇವಿನಲ್ಲಿ ಮೂರ್ನಾಲ್ಕು ವರ್ಷ ಬೇಕು. ಆಡಿನ ಹಿಂಡಾದರೆ ಬೇಗ ಸುಧಾರಿಸಿಕೊಳ್ಳುತ್ತದೆ, ಐದು ತಿಂಗಳಿಗೆ ಮರಿ. ದನದ ಮಂದೆ ಹಾಗಲ್ಲ. ರೋಗ ಹೋದ ಎಷ್ಟೋ ವರ್ಷದ ಮೇಲೂ ಆ ಮನೆ ಆ ರೋಗದ ಸಾಲವನ್ನೇ ತೀರಿಸುತ್ತಿರುತ್ತದೆ. ನಿಮ್ಮ ಗುಣಾಕಾರದಲ್ಲಿ ಈ ವರ್ಷಗಳಿಗೆ ಜಾಗ ಎಲ್ಲಿದೆ?

ಇನ್ನು ಕಂದು ಹಾಕಿದ ಕುರಿ. ನಿಮ್ಮದೇ ಒಳ್ಳೆಯ ಪ್ಯಾರಾದ ಕುರಿ ಅದು. ಅದು ಸತ್ತಿಲ್ಲ, ಹಾಗಾಗಿ ನಿಮ್ಮ ಲೆಕ್ಕದಲ್ಲಿ ಇಲ್ಲ. ಆದರೆ ಮರಿ ಇಲ್ಲ ಅಂದ ಮೇಲೆ ಹಾಲೂ ಇಲ್ಲ, ಆ ಹಾಲು ನೆಚ್ಚಿಕೊಂಡಿದ್ದ ಮಕ್ಕಳಿಗೆ ಆ ಋತು ಪೂರ್ತಿ ಹಾಲಿಲ್ಲ. ಚಿತ್ರ ಬರೆದದ್ದು ನೀವೇ, ಲೆಕ್ಕ ಹಾಕುವಾಗ ಅದನ್ನು ಮರೆತವರೂ ನೀವೇ. ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ದನಗಳಿಗೆ ಬರುತ್ತಿದ್ದ ಮಾರಿ ರಿಂಡರ್‌ಪೆಸ್ಟ್ ಬಗ್ಗೆಯೂ ಇದೇ ತಕರಾರು. 1887ರ ಸುಮಾರಿಗೆ ‘ಆಫ್ರಿಕದ ಕೊಂಬು’ ಅನ್ನುವ ಈಶಾನ್ಯ ಭಾಗದ ಕರಾವಳಿಗೆ ಬಂದ ಆ ರೋಗ ಹತ್ತು ವರ್ಷದಲ್ಲಿ ಖಂಡದ ದಕ್ಷಿಣ ತುದಿಗೆ ಮುಟ್ಟಿತು, ಹೋದಲ್ಲೆಲ್ಲ ಬಹುಪಾಲು ದನ ಸತ್ತವು ಅಂತ ಬರೆದು ನಿಲ್ಲಿಸಿದ್ದೀರಿ. ಇಥಿಯೋಪಿಯಾದಲ್ಲಿ ಎತ್ತುಗಳು ಸತ್ತ ಮೇಲೆ ಉಳುವವರಿಲ್ಲದೆ ಹೊಲ ಬೀಳುಬಿದ್ದದ್ದು, ಅದರ ಜೊತೆಗೆ ಮಳೆಯೂ ಕೈಕೊಟ್ಟು 1888ರಿಂದ 1892ರವರೆಗಿನ ದೊಡ್ಡ ಬರಗಾಲ ಬಂದದ್ದು ಎಲ್ಲಿ? ದನವೇ ಇಲ್ಲದವನೂ ದನದ ರೋಗದಿಂದ ಹಸಿದು ಸತ್ತ. ಅದನ್ನು ಹೇಳದೆ ಆರ್ಥಿಕ ಪರಿಣಾಮ ಅಂತ ಉಪಶೀರ್ಷಿಕೆ ಯಾಕೆ ಕೊಡಬೇಕು?

ಈಗ ಮೂರನೆಯ ಪುಟದ ಸಾಲಿಗೆ ಬನ್ನಿ. ‘ರೋಗದ ಕಾರಣ ಸೌದಿ ಅರೇಬಿಯಾ ಸೊಮಾಲಿಯಾದ ಜಾನುವಾರು ಆಮದನ್ನು ನಿಷೇಧಿಸಿತು. ನಂತರ ಪರಿಸ್ಥಿತಿ ಸುಧಾರಿಸಿತು.’

ಆ ‘ನಂತರ’ ಎಷ್ಟು ಉದ್ದ ಅಂತ ನಿಮಗೆ ಗೊತ್ತಲ್ವಾ? 1998ರಲ್ಲಿ ಒಂದು ನಿಷೇಧ. ಅದು ತೆರವಾಗಿ ಜನ ಉಸಿರು ಬಿಡುವಷ್ಟರಲ್ಲಿ 2000ದ ಸೆಪ್ಟೆಂಬರಿನಲ್ಲಿ ಸೌದಿ ಮತ್ತು ಯೆಮನ್‌ನಲ್ಲೇ ರಿಫ್ಟ್ ವ್ಯಾಲಿ ಜ್ವರ ಕಾಣಿಸಿಕೊಂಡು ಇನ್ನೊಂದು ನಿಷೇಧ. ಸೌದಿ ಅದನ್ನು ತೆಗೆದದ್ದು 2009ರಲ್ಲಿ. ಒಂಬತ್ತು ವರ್ಷವನ್ನು ಮೂರು ಪದದಲ್ಲಿ ದಾಟಿಬಿಟ್ಟಿದ್ದೀರಿ! ಹಜ್ ಕಾಲದ ಕುರ್ಬಾನಿಗೆ ಬೆರ್ಬೆರಾ, ಬೊಸಾಸೊ ಬಂದರುಗಳಿಂದ ಹಡಗು ತುಂಬಿ ಹೋಗುತ್ತಿದ್ದ ಕುರಿ, ಆಡುಗಳು ಹೋಗುವುದು ನಿಂತಿತು. ಗಮನಿಸಿ, ಈ ಕುರಿಗಳಲ್ಲಿ ಬಹುಪಾಲಿಗೆ ಏನೂ ಆಗಿರಲಿಲ್ಲ. ರೋಗವೇ ತಾಗದ ಮಂದೆಯವನಿಗೂ ಅದೇ ಗತಿ. ಮಂದೆ ಕಣ್ಣೆದುರಿಗೇ ಇದೆ, ಮೇಯುತ್ತಿದೆ, ಕೊಳ್ಳುವವನು ಮಾತ್ರ ಇಲ್ಲ. ನೀವು ಹೆಣ ಎಣಿಸುತ್ತ ಹೋದದ್ದರಿಂದ ಈ ಬದುಕಿದ ಕುರಿಗಳು ನಿಮಗೆ ಕಾಣಲೇ ಇಲ್ಲ.

ಇಲ್ಲಿ ನನ್ನ ಹಳೆಯ ಕಥೆ ಸ್ವಲ್ಪ ಹೇಳಬೇಕು. ನಾನು ಕೆಲಸ ಕಲಿತದ್ದು ಒಂದು ಸಣ್ಣ ಪತ್ರಿಕೆಯ ಡೆಸ್ಕಿನಲ್ಲಿ. ಹೊಸಬರಿಗೆ ಕೊಡುತ್ತಿದ್ದದ್ದು ಯಾರಿಗೂ ಬೇಡದ ಕೆಲಸ, ಮಾರುಕಟ್ಟೆ ಧಾರಣೆಯ ಪಟ್ಟಿ. ಕಾಳುಕಡ್ಡಿ ಒಂದು ಕಡೆ, ಜಾನುವಾರು ಇನ್ನೊಂದು ಕಡೆ, ತಪ್ಪಿಲ್ಲದೆ ನಕಲು ಮಾಡಿ ಒಪ್ಪಿಸಿದರೆ ಮನೆಗೆ ಹೋಗಬಹುದು ಅಂತ ನಾವು ತಿಳಿದುಕೊಂಡಿದ್ದೆವು. ನಮ್ಮ ಹಿರಿಯ ಉಪಸಂಪಾದಕರು ಬಿಡುತ್ತಿರಲಿಲ್ಲ. ಆಡಿನ ದರದ ಮೇಲೆ ಒಂದು ಬೆರಳು, ಜೋಳದ ದರದ ಮೇಲೆ ಇನ್ನೊಂದು ಬೆರಳು ಇಟ್ಟು, ‘ಒಂದು ಆಡು ಮಾರಿದರೆ ಈ ವಾರ ಎಷ್ಟು ಜೋಳ ಬರುತ್ತೆ? ಹೋದ ವಾರ ಎಷ್ಟು ಬರ್ತಿತ್ತು?’ ಅಂತ ಕೇಳುವರು. ಉತ್ತರ ಬರದಿದ್ದರೆ ಕಾಪಿ ವಾಪಸ್. ಅವರು ಹೊಗಳಿದ್ದನ್ನು ನಾನಂತೂ ಕೇಳಿಲ್ಲ, ಕಾಪಿ ತಿರುಗಿ ಬರಲಿಲ್ಲ ಅಂದರೆ ಹೊಗಳಿದರು ಅಂತಲೇ ಲೆಕ್ಕ. ಜಾನುವಾರು ನಂಬಿದವನ ಸ್ಥಿತಿ ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಇನ್ನೂ ಸಿಕ್ಕಿಲ್ಲ.

ಅದನ್ನೇ ಸೊಮಾಲಿಯಾಕ್ಕೆ ಹಚ್ಚಿ ನೋಡಿ. ಕುರಿ ಸಾಗದಿದ್ದರೆ ಅದರ ಬೆಲೆ ಬೀಳುತ್ತದೆ. ಅಕ್ಕಿ, ಸಕ್ಕರೆ, ಎಣ್ಣೆ ಬರುವುದು ಹೊರಗಿನಿಂದ, ಅದಕ್ಕೆ ಕೊಡುವ ಡಾಲರ್ ಬರುವುದು ಕುರಿ ಮಾರಿ. ಡಾಲರ್ ನಿಂತರೆ ಅಕ್ಕಿ ತುಟ್ಟಿ. ಎತ್ತು ಏರಿಗೆ, ಕೋಣ ನೀರಿಗೆ. ಒಂದು ಮೂಟೆ ಅಕ್ಕಿಗೆ ಮೊದಲಿಗಿಂತ ಜಾಸ್ತಿ ಕುರಿ ಕೊಡಬೇಕು, ಜಾಸ್ತಿ ಕುರಿ ಕೊಟ್ಟಷ್ಟೂ ಮಂದೆ ಸಣ್ಣದಾಗುತ್ತದೆ, ಒಂದು ಕುರಿಯೂ ರೋಗದಿಂದ ಸಾಯದೆ ಮಂದೆ ಕರಗುತ್ತದೆ. ಆಮೇಲೆ ದಳ್ಳಾಳಿ, ಲಾರಿಯವನು, ಬಂದರಿನಲ್ಲಿ ಮೇವು ಮಾರುವವನು, ಕುರಿ ಏರಿಸುವ ಹಮಾಲಿ. 2006–07ರಲ್ಲಿ ಕೀನ್ಯಾದ ಈಶಾನ್ಯ ಭಾಗದಲ್ಲಿ ಇದೇ ಜ್ವರ ಬಂದಾಗ ಜಾನುವಾರು ಸಂತೆ ಮುಚ್ಚಿದರು, ವಧೆ ನಿಲ್ಲಿಸಿದರು. ಕುರಿಯೇ ಇಲ್ಲದ ಕಸಾಯಿಯವನೂ, ಅವನ ಕೈಕೆಳಗಿನ ಕೂಲಿಯವನೂ ಮನೆಯಲ್ಲಿ ಕೂರಬೇಕಾಯಿತು. ನಿಮ್ಮ ಲೇಖನದಲ್ಲಿ ಇವರಲ್ಲಿ ಒಬ್ಬರೂ ಇಲ್ಲ.

ಇನ್ನೊಂದೇ ಒಂದು ಸಾಲು. ‘ಮುಗ್ಧ ದನಗಾಹಿಗಳು ಅಸಹಾಯಕರಾಗಿ ಆಕಾಶ ನೋಡುತ್ತ ಕುಳಿತರು.’ ಇದನ್ನು ಓದಿ ಪೆನ್ನು ಕೆಳಗಿಟ್ಟೆ. ದನಗಾಹಿ ಮುಗ್ಧ ಅಂತ ನಿಮಗೆ ಯಾರು ಹೇಳಿದರು? ನೂರಾರು ಪ್ರಾಣಿಗಳ ವಂಶಾವಳಿ ಬಾಯಲ್ಲಿ ಹೇಳುವ ಮನುಷ್ಯ ಅವನು. ಕೀನ್ಯಾದ ಅದೇ ರೋಗದಲ್ಲಿ ಸೊಳ್ಳೆ ಹೆಚ್ಚಿದ್ದನ್ನೂ ಕುರಿ ಕಂದು ಹಾಕುತ್ತಿದ್ದದ್ದನ್ನೂ ಕುರಿಗಾಹಿಗಳು ಅಧಿಕಾರಿಗಳಿಗಿಂತ ವಾರಗಟ್ಟಲೆ ಮೊದಲೇ ಗುರುತಿಸಿದ್ದರು. ಪಶ್ಚಿಮ ಆಫ್ರಿಕದ ಫುಲಾನಿಗಳಲ್ಲಿ ಹಬ್ಬನಾಯೆ ಅಂತ ಒಂದು ಏರ್ಪಾಡಿದೆ. ದನ ಕಳೆದುಕೊಂಡವನಿಗೆ ನಂಟರೋ ಗೆಳೆಯರೋ ಒಂದು ಕಡಸು ಕೊಡುತ್ತಾರೆ, ಅವನು ಮೊದಲ ಕೆಲವು ಕರು ಇಟ್ಟುಕೊಂಡು ಹಸುವನ್ನು ಹಿಂದಿರುಗಿಸುತ್ತಾನೆ. ಇಥಿಯೋಪಿಯಾದ ಆಫಾರ್ ಪ್ರದೇಶದಲ್ಲಿ 1990ರ ದಶಕದಲ್ಲಿ ರಿಂಡರ್‌ಪೆಸ್ಟ್ ಲಸಿಕೆ ಹಾಕಿದ್ದು ಅಲ್ಲಿನ ಜನರಲ್ಲೇ ಆರಿಸಿ ತರಬೇತಿ ಕೊಟ್ಟವರು, ಬಿಸಿಲಿಗೆ ಬೇಗ ಕೆಡದ ಲಸಿಕೆ ಹೊತ್ತು ನಡೆದು ಹೋಗಿ. 2011ರಲ್ಲಿ ಆ ರೋಗ ಭೂಮಿಯಿಂದಲೇ ಹೋಯಿತು ಅಂತ ಘೋಷಿಸಿದ್ದರಲ್ಲಿ ಇವರ ಪಾಲೂ ಇದೆ. ಇವರೆಲ್ಲ ಆಕಾಶ ನೋಡುತ್ತಿದ್ದರಾ?

ಕೆಲವರು ರೋಗ ಮುಚ್ಚಿಟ್ಟರು ಅಂತ ನೀವೇ ಒಂದು ಕಡೆ ಬರೆದು, ಅದಕ್ಕೆ ‘ಅಜ್ಞಾನ’ವೇ ಕಾರಣ ಅಂತ ಹಣೆಪಟ್ಟಿ ಹಚ್ಚಿದ್ದೀರಿ. ಸ್ವಲ್ಪ ಲೆಕ್ಕ ಹಾಕಿ. 2001ರಲ್ಲಿ ಬ್ರಿಟನ್ನಿಗೆ ಕಾಲುಬಾಯಿ ರೋಗ ಬಂದಾಗ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು, ಕೊಂದ ಪ್ರಾಣಿಗೆ ಸರ್ಕಾರ ಪರಿಹಾರ ಕೊಟ್ಟಿತು. ಪರಿಹಾರವೇ ಇಲ್ಲದ ಕಡೆ, ರೋಗ ಇದೆ ಅಂತ ಬಾಯಿ ಬಿಟ್ಟ ಕೂಡಲೇ ಸಂತೆ ಮುಚ್ಚುತ್ತದೆ ಅಂತ ಗೊತ್ತಿರುವವನು ಯಾಕೆ ಬಾಯಿ ಬಿಡುತ್ತಾನೆ? ನೀವಾದರೆ ಬಿಡುತ್ತಿದ್ದಿರಾ? ಲೇಖನದ ತಿರುಳೇ ಇದಾಗಬಹುದಿತ್ತು, ನೀವು ಅದನ್ನು ಒಂದು ಬೈಗುಳದಲ್ಲಿ ಮುಗಿಸಿದ್ದೀರಿ.

ಲಸಿಕೆಯ ಇತಿಹಾಸ, ಹವಾಮಾನದ ಭಾಗ, ಇವುಗಳ ಬಗ್ಗೆ ನಾನು ಏನೂ ಹೇಳುತ್ತಿಲ್ಲ, ಸದ್ಯಕ್ಕೆ ಬೇಡವೂ ಬೇಡ. ಕೊನೆಯ ಕವಿತೆ ಕಿತ್ತುಹಾಕಿ. ಬೆರ್ಬೆರಾ ಬಂದರು ಒಂದನ್ನೇ ಹಿಡಿದು, 2000ದಿಂದ 2009ರವರೆಗೆ ಅಲ್ಲಿಗೆ ಬರುತ್ತಿದ್ದ ಕುರಿ ಏನಾಯಿತು, ಅಕ್ಕಿ ಏನಾಯಿತು ಅಂತ ಬರೆದು ಕಳಿಸಿ. ಸಿಗದ ವಿವರವನ್ನು ಕಲ್ಪಿಸಿ ತುಂಬಬೇಡಿ. ಹೆಣಕ್ಕೆ ನೊಣ ಮುತ್ತಿದ ಆ ಫೋಟೋಗಳೂ ಬೇಡ. ಬರುವ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ, ನಾಲ್ಕು ಪುಟ, ಅದಕ್ಕಿಂತ ಜಾಸ್ತಿ ಕೇಳಬೇಡಿ.