ಕ್ಯಾನ್‌ಬೆರಾದ ಆಫೀಸು ಏರಿಯಾದಲ್ಲಿ ಮಧ್ಯಾಹ್ನ ಏನು ಮಾಡೋದು?

ಪಾರ್ಕ್ಸ್ ಅನ್ನುವ ಬಡಾವಣೆಯಲ್ಲಿ ಕಾಂಟ್ರಾಕ್ಟ್ ಕೆಲಸ ಸಿಕ್ಕಿದೆ, ಆದರೆ ಅಲ್ಲಿ ಬರೀ ಸರ್ಕಾರಿ ಕಟ್ಟಡಗಳಂತೆ, ಊಟದ ಹೊತ್ತಿಗೆ ಹೊರಗೆ ಬಂದರೂ ನರಪಿಳ್ಳೆ ಇರಲ್ಲವಂತೆ, ಬೇಜಾರಾಗಲ್ವಾ ಅಂತ ಕೇಳಿದ್ದೀರಿ. ಮೊದಲು ಕೆಲಸಕ್ಕೆ ಅಭಿನಂದನೆ. ನೀವು ಕೇಳಿದ್ದು ಅರ್ಧ ನಿಜ.

ಪಾರ್ಕ್ಸ್, ಪಕ್ಕದ ಬಾರ್ಟನ್ ಎರಡೂ ಊರ ನಡುವಿನ ಬರ್ಲಿ ಗ್ರಿಫಿನ್ ಸರೋವರದ ದಕ್ಷಿಣಕ್ಕಿವೆ. ಟ್ರೆಷರಿ, ವಿದೇಶಾಂಗ ಇಲಾಖೆ ಎಲ್ಲ ಇಲ್ಲೇ. ಕಟ್ಟಡದಿಂದ ಕಟ್ಟಡಕ್ಕೆ ದೊಡ್ಡ ಹುಲ್ಲುಹಾಸು, ಅಗಲ ರಸ್ತೆ, ಕಾರ್ ಪಾರ್ಕ್. ನೋಡೋಕೆ ಚೆಂದ, ನಡೆಯೋಕೆ ದೂರ. ನೆಲಮಹಡಿಯಲ್ಲಿ ಅಂಗಡಿ ಇರಬೇಕಾದ ಕಡೆ ಸೆಕ್ಯುರಿಟಿ ಗೇಟು. ಒಂದು ಕಾಫಿಗೆ ಹತ್ತು ನಿಮಿಷ ನಡೆಯಬೇಕು ಅಂದರೆ ಯಾರು ಹೋಗುತ್ತಾರೆ? ಡಬ್ಬಿ ಡೆಸ್ಕಿನ ಮೇಲೇ ಬಿಚ್ಚುತ್ತಾರೆ. ಸಾಲದ್ದಕ್ಕೆ ಸರ್ಕಾರ ಮತ್ತು ನೌಕರರ ಸಂಘದ ನಡುವಿನ 2023ರ ಒಪ್ಪಂದದ ನಂತರ ಕೇಂದ್ರ ಸರ್ಕಾರಿ ನೌಕರರು ಮನೆಯಿಂದ ಕೆಲಸ ಮಾಡುವ ದಿನಗಳಿಗೆ ಇಷ್ಟೇ ಅನ್ನುವ ಮಿತಿ ಇಲ್ಲ. ಶುಕ್ರವಾರ ಇನ್ನೂ ಖಾಲಿ.

ಇದನ್ನು ಸರಿ ಮಾಡೋದು ಸುಲಭವಲ್ಲ. ಈ ಜಾಗ ನೋಡಿಕೊಳ್ಳೋದು ಕೇಂದ್ರದ ನ್ಯಾಷನಲ್ ಕ್ಯಾಪಿಟಲ್ ಅಥಾರಿಟಿ. ಪಾರ್ಲಿಮೆಂಟರಿ ಜೋನ್, ಅಂದರೆ ಸಂಸತ್ತು ಮತ್ತು ಸರೋವರದ ನಡುವಿನ ಜಾಗದ ಒಳಗೆ ಕಟ್ಟಡ ಏಳಬೇಕಾದರೆ 1974ರ ಕಾಯ್ದೆ ಪ್ರಕಾರ ಸಂಸತ್ತಿನ ಎರಡೂ ಸದನ ಒಪ್ಪಬೇಕು. ಹಾಗಾಗಿ ನನಗೆ ದೊಡ್ಡ ಯೋಜನೆಗಳ ಆಸೆ ಇಲ್ಲ. ಗೇಟಿನ ಹತ್ತಿರವೇ ಕಾಫಿ ಗಾಡಿ ನಿಲ್ಲಲಿ, ನೆರಳಲ್ಲಿ ಬೆಂಚು ಬರಲಿ, ಕಾರ್ ಪಾರ್ಕನ್ನು ಸುತ್ತಿ ಬಳಸದೆ ನೇರ ದಾಟುವ ಒಂದು ಕಾಲುದಾರಿ ಆಗಲಿ. ಜನ ಹೊರಗೆ ಬರೋಕೆ ಅಷ್ಟು ಸಾಕು.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ನ್ಯಾಷನಲ್ ಗ್ಯಾಲರಿಯ ಶಿಲ್ಪದ ತೋಟ ನೋಡಿ. ಜಪಾನಿನ ಫುಜಿಕೊ ನಕಾಯಾ 1982ರಲ್ಲಿ ಮಾಡಿದ ಮಂಜಿನ ಕೃತಿ ಅಲ್ಲಿದೆ. ಮಧ್ಯಾಹ್ನ 12.30ಕ್ಕೆ ಸಣ್ಣ ಸಣ್ಣ ತೂತುಗಳಿಂದ ನೀರು ಹೊಗೆಯ ಹಾಗೆ ಚಿಮ್ಮಿ ಕೊಳದ ಮೇಲೆಲ್ಲ ಹಬ್ಬುತ್ತದೆ. ಗಾಳಿ ತಿರುಗಿದರೆ ದಾರಿಯಲ್ಲಿ ನಿಂತವರ ಕನ್ನಡಕದ ಮೇಲೆ ಹನಿ ಕೂರುತ್ತದೆ. ಟೈಮು ಸರಿಯಾಗಿ ಊಟದ ಹೊತ್ತಿನದೇ ಅಲ್ವಾ? ಅದಕ್ಕೇ ಕೊರಳಲ್ಲಿ ಐಡಿ ಕಾರ್ಡ್ ಹಾಕಿಕೊಂಡವರೂ ಬರುತ್ತಾರೆ. ಒಮ್ಮೊಮ್ಮೆ ರಿಪೇರಿಗೆ ನಿಲ್ಲಿಸುತ್ತಾರೆ, ಗ್ಯಾಲರಿಯ ವೆಬ್‌ಸೈಟ್ ನೋಡಿಕೊಂಡು ಹೋಗಿ.

ಹಳೆ ಪಾರ್ಲಿಮೆಂಟ್ ಮನೆಯ ಎರಡೂ ಬದಿ ಗುಲಾಬಿ ತೋಟ ಇದೆ, ನವೆಂಬರಿನಲ್ಲಿ ತುಂಬಿರುತ್ತದೆ. ನ್ಯಾಷನಲ್ ಲೈಬ್ರರಿಗೆ ಟಿಕೆಟ್ ಇಲ್ಲ, ಸುಮ್ನೆ ಹೋಗಿ ಕೂತುಕೊಳ್ಳಬಹುದು. ಚಳಿಗಾಲದಲ್ಲಿ ಬೆಳಗ್ಗೆ ಸೊನ್ನೆಗಿಂತ ಕೆಳಗಿದ್ದರೂ ಮಧ್ಯಾಹ್ನ ಬಿಸಿಲು ಚೆನ್ನಾಗಿರುತ್ತದೆ. ಬೆಂಚು ಆರಿಸುವಾಗ ಕಟ್ಟಡದ ಉತ್ತರಕ್ಕೆ ಹೋಗಿ. ಇಲ್ಲಿ ಸೂರ್ಯ ಉತ್ತರದಲ್ಲಿರುತ್ತಾನೆ, ದಕ್ಷಿಣದ ಗೋಡೆ ಪಕ್ಕ ನಡುಗಬೇಕಾಗುತ್ತದೆ.

ಕಾರು ತರುವುದಾದರೆ 2014ರಿಂದ ಪಾರ್ಕಿಂಗಿಗೆ ದುಡ್ಡು ಕೊಡಬೇಕು. ಬಸ್ಸು ವಾಸಿ.

ಎಲ್ಲಾದರೂ ಕಾಫಿ ಗಾಡಿ ನಿಂತಿರುವುದು ಕಂಡರೆ ದಯವಿಟ್ಟು ಅಲ್ಲೇ ಕೊಳ್ಳಿ. ವ್ಯಾಪಾರ ಇಲ್ಲದಿದ್ದರೆ ಅವರು ಮುಂದಿನ ವಾರ ಬರಲ್ಲ. ಅಥಾರಿಟಿ ಹೊಸ ಕೆಲಸಗಳ ನಕ್ಷೆ ಹಾಕಿ ಜನರ ಅಭಿಪ್ರಾಯ ಕೇಳುತ್ತಿರುತ್ತದೆ. ಈಗಷ್ಟೇ ಬಂದವನು ನಾನ್ಯಾಕೆ ಅಂತ ಸುಮ್ಮನಿರಬೇಡಿ. ದಿನಾ ಅಲ್ಲೇ ಓಡಾಡುವವರು ನೀವು. ಎಲ್ಲಿ ನೆರಳಿಲ್ಲ, ಎಲ್ಲಿ ಬೆಂಚು ಬೇಕು ಅಂತ ನಾಲ್ಕು ಸಾಲು ಬರೆದು ಕಳಿಸಿ.