ಓದುಗರ ಪ್ರಶ್ನೆ: ಹಾಡಿಯ ಮಾತು ಕಲಿತರೆ ಹೊಟ್ಟೆ ತುಂಬೀತೇ?

ಪ್ರ: ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಹಾಡಿಗಳಲ್ಲಿರುವ ಎರವ, ಜೇನುಕುರುಬ ಬುಡಕಟ್ಟುಗಳ ಮಾತುಗಳ ಮೇಲೆ ಕೆಲಸ ಮಾಡುವ ಆಸೆ. ಇದರಲ್ಲಿ ಉದ್ಯೋಗ ಇದೆಯೇ? (ವಿರಾಜಪೇಟೆ)

ಉ: ಇದೆ, ಆದರೆ ಬಾಗಿಲು ಕಿರಿದು. ಮೊದಲು ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಪುಣೆಯ ಡೆಕ್ಕನ್ ಕಾಲೇಜು, ಹೈದರಾಬಾದ್ ವಿಶ್ವವಿದ್ಯಾಲಯ, ತಮಿಳುನಾಡಿನ ಅಣ್ಣಾಮಲೈ, ಇವೆಲ್ಲ ಈ ವಿಷಯಕ್ಕೆ ಹೆಸರಾದವು. ಕ್ಷೇತ್ರಕಾರ್ಯಕ್ಕೆ, ಅಂದರೆ ಜನರ ನಡುವೆ ಹೋಗಿ ಮಾತು ಸಂಗ್ರಹಿಸುವುದಕ್ಕೆ, ಪ್ರತ್ಯೇಕ ಪತ್ರಿಕೆ ಇದೆಯೇ ಎಂದು ವಿಚಾರಿಸಿಯೇ ಸೇರಿ. ಬಳಿಕ ಅಧ್ಯಾಪಕ ಅರ್ಹತೆಯ ರಾಷ್ಟ್ರಮಟ್ಟದ ಪರೀಕ್ಷೆಯಾದ ನೆಟ್ ಬರೆಯಿರಿ. ಅದರ ಮೂಲಕ ಜೆ.ಆರ್.ಎಫ್. ಎಂಬ ಸಂಶೋಧನಾ ವೇತನ ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ; ಪಿಎಚ್.ಡಿ. ಮಾಡುವಾಗ ಐದು ವರ್ಷದವರೆಗೆ ಊಟದ ಚಿಂತೆ ಇರುವುದಿಲ್ಲ. ಆಮೇಲೆ ಅಧ್ಯಾಪಕ ಹುದ್ದೆ, ಇಲ್ಲವೇ 1969ರಲ್ಲಿ ಶುರುವಾದ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಂಥ ಕಡೆ ಯೋಜನೆಯ ಕೆಲಸ. ಯೋಜನೆಯ ಕೆಲಸವೆಂದರೆ ಬಹುಪಾಲು ಗುತ್ತಿಗೆ ಎಂದು ಮನೆಯವರಿಗೆ ಈಗಲೇ ಹೇಳಿಡಿ. ಧ್ವನಿ ತಂತ್ರಾಂಶದ ಕಂಪನಿಗಳೂ ಭಾಷಾವಿಜ್ಞಾನಿಗಳನ್ನು ತೆಗೆದುಕೊಳ್ಳುತ್ತವೆ, ಆದರೆ ಎರವ ಮಾತಿಗಾಗಿ ಅಲ್ಲ.

ಪ್ರ: ನಮ್ಮ ತೋಟದ ಲೈನ್ ಮನೆಯಲ್ಲಿ (ಕೂಲಿಯವರ ಸಾಲುಮನೆಯಲ್ಲಿ) ಇರುವ ಎರವ ಅಜ್ಜಿಯ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಬರೆದು ನೋಡಿದರೆ ಅರ್ಧಕ್ಕರ್ಧ ಕನ್ನಡ. ಭಾಷೆ ಹೋಗಿಯೇಬಿಟ್ಟಿತೇ? (ಪೊನ್ನಂಪೇಟೆ)

ಉ: ಭಾಷೆ ಎಲ್ಲಿಗೂ ಹೋಗಿಲ್ಲ, ಕೇಳಿದ ಬಗೆಯಲ್ಲಿ ತೊಡಕಿದೆ. ಪ್ರಶ್ನೆ ಕೇಳಿದವರು ನೀವು, ತೋಟದ ಯಜಮಾನರ ಮನೆಯವರು; ಕೇಳಿದ್ದು ಕನ್ನಡದಲ್ಲಿ. ಆ ಮನೆಯವರೊಡನೆ ಜೀವಮಾನವಿಡೀ ಆಡಿದ ಮಾತನ್ನೇ ಅಜ್ಜಿ ನಿಮಗೂ ಆಡಿದ್ದಾರೆ. ಅವರ ಮಾತು ಬೇಕಿದ್ದರೆ ಅವರವರೇ ಇಬ್ಬರನ್ನು ಕೂರಿಸಿ, ಏಡಿ ಹಿಡಿಯುವುದೋ ಕಣಿಲೆ ಬೇಯಿಸುವುದೋ ಮಾತಿಗೆ ಬರಲಿ, ನೀವು ಎದ್ದು ಆಚೆ ಹೋಗಿ. ಮರುದಿನ ಅದನ್ನೇ ಅವರಿಗೆ ಕೇಳಿಸಿ ಒಂದೊಂದೇ ಪದ ವಿಚಾರಿಸಿ. ಭಾಷಾವಿಜ್ಞಾನಿಗಳು ಬಳಸುವ ಇನ್ನೂರು ಮೂಲಪದಗಳ ಪಟ್ಟಿ ಹಿಡಿದು ಕೂರುವುದು ಕೊನೆಗೆ. ಸಮುದಾಯದವರು ತಮ್ಮನ್ನು ರಾವುಳರೆಂದು ಕರೆದುಕೊಳ್ಳುತ್ತಾರೆ. ಟಿಪ್ಪಣಿಯಲ್ಲಿ ಆ ಹೆಸರೂ ಇರಲಿ.

ನಂಟಿನ ಪದಗಳಲ್ಲಿ ಎಡವುವವರೇ ಹೆಚ್ಚು. ಕನ್ನಡದ ‘ಮಾವ’ ಸೋದರಮಾವನೂ ಹೌದು, ಹೆಂಡತಿಯ ಅಪ್ಪನೂ ಹೌದು. ಆ ಪದವನ್ನೇ ಹಿಡಿದು ಕೇಳಿದರೆ ಎದುರಿನ ಭಾಷೆಯಲ್ಲಿ ಎರಡು ಪದಗಳಿದ್ದರೂ ಒಂದೇ ಸಿಗುತ್ತದೆ. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಕಾಫಿ ಬೀಜ ಇಟ್ಟು ಸಂಸಾರವನ್ನು ಹರಡಿ, ಬೆರಳಿಟ್ಟು ‘ಇವರನ್ನು ಹೇಗೆ ಕರೆಯುತ್ತೀರಿ?’ ಎನ್ನಿ.

ಫೋನಿನ ಮಾಮೂಲಿ ರೆಕಾರ್ಡರ್ ಧ್ವನಿಯನ್ನು ಕುಗ್ಗಿಸಿ ಉಳಿಸುತ್ತದೆ, ಗದ್ದಲ ಕಳೆಯುವ ನೆಪದಲ್ಲಿ ಪದದ ಕೊನೆಯ ಮೆಲುದನಿಯನ್ನೂ ತಿಂದುಹಾಕುತ್ತದೆ. ಧ್ವನಿಯನ್ನು ಕುಗ್ಗಿಸದ ವೇವ್ ಫೈಲ್, 48 ಕಿಲೋಹರ್ಟ್ಸ್, 24 ಬಿಟ್ ಇಟ್ಟುಕೊಳ್ಳಿ. ಮೊನೊ ಆದರೆ ಗಂಟೆಗೆ ಸುಮಾರು 520 ಎಂಬಿ. ಕಾಲರ್ ಮೈಕು ಬಾಯಿಂದ ಒಂದು ಗೇಣು ಕೆಳಗಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮಾಡಿನಡಿ ಮಳೆಯ ಸದ್ದೇ ರೆಕಾರ್ಡ್ ಆಗುತ್ತದೆ. ಮುಸ್ಸಂಜೆಯೂ ಬೇಡ: ‘ಸ’, ‘ಶ’ ಬೇರೆಯಾಗಿ ಕೇಳಿಸುವ ಎತ್ತರದ ಸ್ವರಮಟ್ಟದಲ್ಲೇ ಜೀರುಂಡೆಯೂ ಕಿರುಗುಟ್ಟುತ್ತದೆ. ಕಾಫಿ ಕುಯ್ಲಿನ ದಿನ ಕರೆದರೆ ಅವರ ಕೂಲಿ ಹೋಯಿತು. ಯಾವ ದಿನ ಕರೆದರೂ ದಿನಗೂಲಿಗೆ ಕಡಿಮೆ ಕೊಡಬೇಡಿ. ರೆಕಾರ್ಡ್ ಮಾಡಬಹುದೇ, ಕಾಪಿಡಬಹುದೇ, ಬೇರೆಯವರಿಗೆ ಕೇಳಿಸಬಹುದೇ, ಈ ಮೂರನ್ನೂ ಬಿಡಿಬಿಡಿಯಾಗಿ ಕೇಳಿ, ಉತ್ತರವನ್ನು ಅದೇ ಫೈಲಿನಲ್ಲಿ ಉಳಿಸಿ.

ನಿಜವಾದ ಕೆಲಸ ಇರುವುದು ಆಮೇಲೆ. ಒಂದು ಗಂಟೆಯ ಮಾತನ್ನು ‘ಎಲಾನ್’ ತಂತ್ರಾಂಶದಲ್ಲಿ ಸಾಲುಸಾಲಾಗಿ ಬರೆದು ಅರ್ಥ ಕೂರಿಸಲು ಮೂವತ್ತು ನಲವತ್ತು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ತಂತ್ರಾಂಶವೇನೋ ಪುಕ್ಕಟೆ. ನೂರು ಗಂಟೆ ರೆಕಾರ್ಡ್ ಮಾಡಿ ಪೆಟ್ಟಿಗೆಯಲ್ಲಿಟ್ಟವರಿಗಿಂತ ಐದು ಗಂಟೆ ಬರೆದು ಮುಗಿಸಿದವರೇ ಮೇಲು.

ಪ್ರ: ಕೊಡವ ತಕ್ಕ್ ನಮ್ಮ ಮನೆಮಾತು. ಕನ್ನಡ ಲಿಪಿಯಲ್ಲೇ ಬರೆದಿಟ್ಟರೆ ಸಾಲದೇ? (ಗೋಣಿಕೊಪ್ಪ)

ಉ: ಕಾಗದಕ್ಕೆ, ಪತ್ರಿಕೆಗೆ ಧಾರಾಳ ಸಾಕು. ಅಧ್ಯಯನಕ್ಕೆ ಸಾಲದು. ನೀವು ‘ಎಟ್ಟ್’ ಎಂದು ಎಣಿಸುವಾಗಿನ ಸ್ವರ ಕನ್ನಡದ ‘ಎಂಟು’ವಿನ ‘ಎ’ ಅಲ್ಲ. ಹೇಳಿ ನೋಡಿ, ನಾಲಿಗೆ ಬಾಯಿಯ ನಡುವಿಗೆ ಸರಿಯುತ್ತದೆ. ಸ್ವರದ ನಂತರ ಬರುವ ‘ಟ’, ‘ಣ’, ‘ಳ’ಗಳು ಅದನ್ನು ಹಿಂದಕ್ಕೆ ಎಳೆಯುತ್ತವೆ. ಮೊದಲಲ್ಲಿ ‘ಪ’ಕಾರದಂಥ ತುಟಿಯ ಅಕ್ಷರವಿದ್ದರೆ ಸ್ವರವೂ ತುಟಿ ದುಂಡಗೆ ಮಾಡುತ್ತದೆ: ಹಳಗನ್ನಡದ ‘ಪೆಣ್’ ನಿಮ್ಮಲ್ಲಿ ‘ಪೊಣ್ಣ್’. ‘ತಕ್ಕ್’ ಎಂಬುದರ ತುದಿಯಲ್ಲೂ ಒಂದು ಗಿಡ್ಡ ಸ್ವರ ಇದೆ, ಅದನ್ನು ಅರ್ಧಾಕ್ಷರ ಮುಚ್ಚಿಹಾಕುತ್ತದೆ. ಭಾಷಾವಿಜ್ಞಾನಿ ಎಂ.ಬಿ. ಎಮನೊ 1970ರಲ್ಲಿ ಈ ಸ್ವರಗಳ ಮೇಲೇ ಲೇಖನ ಬರೆದರು. ಯಾವ ಭಾಷೆಯ ಉಚ್ಚಾರವನ್ನೂ ಬರೆದಿಡುವ ಅಂತಾರಾಷ್ಟ್ರೀಯ ಧ್ವನಿಲಿಪಿಯನ್ನು ಕಲಿಯಿರಿ, ಕನ್ನಡ ಲಿಪಿಯ ಸಾಲಿನ ಕೆಳಗೇ ಅದನ್ನೂ ಬರೆಯುತ್ತ ಹೋಗಿ.